ಕಾಣದ ಹೊಲಿಗೆ

ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತಿಯಲ್ಲಿರುವ ನನ್ನಂಥವನು, ಕಂಪ್ಯೂಟರಿನಲ್ಲಿ ರಚಿಸುವ ಮನುಷ್ಯಾಕೃತಿಗೆ ಚರ್ಮವನ್ನು ಹೊದಿಸುವ ವಿದ್ಯೆಯನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ನನಗೂ ಹಾಗೆಯೇ ತೋರುತ್ತಿರುವುದು. ಒಂದೆರಡು ವರ್ಷಗಳ ಹಿಂದೆ ಯಾರಾದರೂ ನನ್ನೆದುರಿಗೆ ಈ ಪ್ರಸ್ತಾಪವನ್ನೆತ್ತಿದ್ದರೆ, ಪಂಚಾಂಗವನ್ನು ನೋಡುವ ನೆವದಿಂದ ಎದ್ದು ಒಳಕ್ಕೆ ಹೋಗುತ್ತಿದ್ದೆನು. ಈಗ ಆ ವಿದ್ಯೆಯಲ್ಲಿ ನನಗೆ ಇಷ್ಟು ಆಸ್ಥೆ ಹುಟ್ಟಿದುದಕ್ಕೆ ನನ್ನ ಮಗಳೂ, ನನ್ನ ತಾಯಿಯವರ ತೋಳಿನ ಮೇಲಿರುವ ಒಂದು ಹಚ್ಚೆಯೂ ಕಾರಣ.

ಮಗಳು ಚಿತ್ರಕಲೆಯನ್ನು ಅಭ್ಯಾಸಮಾಡಿದವಳು. ವ್ಯಾಸಂಗ ಮುಗಿದ ಮೇಲೆ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ ದೊರೆಯಿತು. ಚಲನಚಿತ್ರಗಳಿಗೂ ಕಂಪ್ಯೂಟರ್ ಆಟಗಳಿಗೂ ಬೇಕಾದ ಸ್ತ್ರೀಪುರುಷರ ಆಕೃತಿಗಳನ್ನು ಅಲ್ಲಿ ನಿರ್ಮಿಸುವರು. ಒಬ್ಬರು ಆಕಾರವನ್ನು ಮಾಡಿಕೊಟ್ಟರೆ, ಅದಕ್ಕೆ ಬಣ್ಣ, ಸುಕ್ಕು, ರೋಮಕೂಪ, ಮಚ್ಚೆ ಇವನ್ನೆಲ್ಲ ಕೂಡಿಸುವುದು ಇವಳ ಪಾಲಿನ ಕೆಲಸ. “ಗೊಂಬೆಗೆ ಬಣ್ಣ ಬಳಿಯುವುದಕ್ಕೆ ಐದು ವರ್ಷ ಓದಬೇಕಾಗಿತ್ತೆ?” ಎಂದು ನಾನು ಒಂದು ದಿನ ಊಟದ ಹೊತ್ತಿನಲ್ಲಿ ಅಂದುಬಿಟ್ಟೆನು. ಹಾಸ್ಯಕ್ಕೆಂದು ಆಡಿದ ಮಾತು. ಕೇಳಿದವಳಿಗೆ ಅದು ಹಾಸ್ಯವಾಗಲಿಲ್ಲ. ಅಂದಿನಿಂದ ಅವಳು ನನ್ನ ಮುಂದೆ ತನ್ನ ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ. ಸಂಬಳ ಬಂದಿತೆಂದು ತಾಯಿಗೆ ಹೇಳುವಳು, ರಜ ಸಿಕ್ಕಿತೆಂದು ಅಜ್ಜಿಗೆ ಹೇಳುವಳು. ನನ್ನೊಡನೆ ಮಾತ್ರ ಮಳೆ ಬೆಳೆಯ ಮಾತು.

ಕಳೆದ ವರ್ಷ ಆಷಾಢಮಾಸದಲ್ಲಿ ಅವಳು ನಂಜನಗೂಡಿನ ನಮ್ಮ ಮನೆಗೆ ಬಂದು, ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಮೋಡ ಮುಚ್ಚಿದ ಎರಡು ದಿನ ಅವರ ಮುಖ, ಕತ್ತು, ಕೈಗಳನ್ನು ಎಲ್ಲ ಕಡೆಗಳಿಂದಲೂ ಛಾಯಾಚಿತ್ರ ತೆಗೆದುಕೊಂಡಳು. ಬಿಸಿಲಾದರೆ ಚಿತ್ರದಲ್ಲಿ ನೆರಳು ಬೀಳುವುದೆಂದೂ, ಆ ನೆರಳು ಚರ್ಮದಲ್ಲಿ ಕಲೆಯಂತೆ ಉಳಿದುಬಿಡುವುದೆಂದೂ ಅವಳ ವಿವರಣೆ. ನನ್ನ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. “ನನ್ನ ಚರ್ಮ ತೆಗೆದುಕೊಂಡು ಹೋಗಿ ಯಾರಿಗೆ ಹೊದಿಸುತ್ತೀಯೆ ಮಗು?” ಎಂದು ಅವರು ಕೇಳಿದಾಗ ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಇಳಿವಯಸ್ಸಿನ ಹೆಂಗಸನ್ನು ಹೀಗೆ ಆಟಕ್ಕೆ ಗುರಿಮಾಡುವುದು ನನಗೆ ಸರಿತೋರಲಿಲ್ಲ.

ಗೌರಿಯ ಹಬ್ಬಕ್ಕೆ ಬಂದಾಗ ಅವಳು ತನ್ನ ಯಂತ್ರವನ್ನೂ ಹೊತ್ತು ತಂದಿದ್ದಳು. ಹಬ್ಬದ ಮಾರನೆಯ ರಾತ್ರಿ ಎರಡು ಗಂಟೆಯ ಸುಮಾರಿಗೆ ನೀರು ಕುಡಿಯಲೆಂದು ಎದ್ದವನು, ಅವಳ ಕೋಣೆಯಲ್ಲಿ ಬೆಳಕಿರುವುದನ್ನು ಕಂಡು ಬಾಗಿಲಲ್ಲಿ ನಿಂತೆನು. ಪರದೆಯ ಮೇಲೆ ಏನೋ ಒಂದು ಹರಡಿಕೊಂಡಿದ್ದಿತು. ನೋಡಿ ಎದೆ ಧಸಕ್ಕೆಂದಿತು. ನನ್ನ ತಾಯಿಯವರ ಮುಖ! ಆದರೆ ಬೇಟೆಗಾರನ ಗೋಡೆಗೆ ಮೊಳೆ ಹೊಡೆದ ಹುಲಿಯ ತೊಗಲಿನಂತೆ ಅದು ಚಪ್ಪಟೆಯಾಗಿ, ಕೆನ್ನೆಗಳು ಎರಡು ಪಕ್ಕಗಳಿಗೂ ಹಿಗ್ಗಿ, ಕಿವಿಗಳು ಎಲ್ಲಿಯೋ ದೂರ ಸರಿದು ಬಿದ್ದಿದ್ದುವು. ಪಕ್ಕದಲ್ಲಿ ಬಿಚ್ಚಿ ಹಾಸಿದ ಎರಡು ತೋಳುಗಳು, ಬೆರಳಿಲ್ಲದ ಅಂಗೈಗಳು, ಬೇರೆಯಾಗಿ ಉಗುರುಗಳು.

“ಏನಮ್ಮ ಇದು?” ಎಂದೆನು.

ಬಹಳ ಹೊತ್ತು ಅವಳು ಮಾತನಾಡಲಿಲ್ಲ. ಅನಂತರ, “ಎರಡು ಸಲ ಹಿಂದಕ್ಕೆ ಕಳಿಸಿದರು, ಅಪ್ಪ. ಮೂರನೆಯ ಸಲವೂ ಹೊಲಿಗೆ ಕಂಡರೆ ಕೆಲಸ ಖಾಯಂ ಆಗುವುದಿಲ್ಲ,” ಎಂದಳು. ಒಂದು ವರ್ಷದಲ್ಲಿ ಅವಳು ನನಗೆ ಹೇಳಿದ ಮೊದಲನೆಯ ಸಂಗತಿ ಅದು. ನಾನು ಕುರ್ಚಿಯನ್ನೆಳೆದುಕೊಂಡು ಕುಳಿತೆನು.

ಆ ರಾತ್ರಿಯೂ ಮುಂದಿನ ಕೆಲವು ರಾತ್ರಿಗಳೂ ನಾನು ಕೇಳಿ ತಿಳಿದುದನ್ನು ವಾಚಕರ ಮುಂದಿಡುವೆನು. ಚಿತ್ರ ಬರೆಯುವ ಹಾಳೆ ಚಪ್ಪಟೆ. ಮನುಷ್ಯನ ಮೈ ಚಪ್ಪಟೆಯಲ್ಲ. ಹಾಳೆಯನ್ನು ಮೈಗೆ ಸುತ್ತಬೇಕಾದರೆ ಮೊದಲು ಮೈಯನ್ನು ಎಲ್ಲಿಯಾದರೂ ಕತ್ತರಿಸಿ, ಬಿಡಿಸಿ, ಹಾಳೆಯಂತೆ ಹಾಸಬೇಕು. ಮೈಮೇಲಿನ ಒಂದೊಂದು ಬಿಂದುವೂ ಹಾಳೆಯ ಮೇಲೆ ಎಲ್ಲಿ ಬೀಳುವುದೆಂಬುದನ್ನು ಎರಡು ಅಂಕೆಗಳಿಂದ ಸೂಚಿಸುವರು. ಎಕ್ಸ್, ವೈ, ಜೆಡ್ ಎಂಬ ಅಕ್ಷರಗಳು ಆಕೃತಿಯ ಉದ್ದ, ಅಗಲ, ಎತ್ತರಗಳಿಗೆ ಮುಡಿಪಾಗಿಹೋದುದರಿಂದ, ಹಾಳೆಯ ಪಾಲಿಗೆ ಯು, ವಿ ಎಂಬ ಅಕ್ಷರಗಳು ಬಂದುವು. ಬಾಗಿದ ಮೈಗೆ ಚಿತ್ರವನ್ನು ಹೀಗೆ ಅಂಟಿಸುವ ಕ್ರಮವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಎಡ್ವಿನ್ ಕ್ಯಾಟ್ಮಲ್ ಎಂಬವರು 1974ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ಕತ್ತರಿಸದೆಯೇ ಹಾಸಬಾರದೆ ಎಂದು ನಾನು ಕೇಳಿದೆನು. ಸಾಧ್ಯವಿಲ್ಲವಂತೆ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಹಿಗ್ಗಿಸದೆ, ಮೇಜಿನ ಮೇಲೆ ಚಪ್ಪಟೆಮಾಡಲು ಬರುವುದೆ? ಗೋಳದ ಮೇಲ್ಮೈಯನ್ನು ಅಳತೆ ಕೆಡದಂತೆ ಸಮತಲಕ್ಕೆ ತರುವುದು ಅಸಾಧ್ಯವೆಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಸ್ಥಿರಪಟ್ಟಿದೆ. ಅದಕ್ಕಿಂತ ಬಹು ಮುಂಚೆ, 1569ರಲ್ಲಿ, ಮರ್ಕೇಟರ್ ರಚಿಸಿದ ಭೂಪಟವನ್ನು ನಾವೆಲ್ಲ ಶಾಲೆಯ ಗೋಡೆಗಳ ಮೇಲೆ ನೋಡಿರುವೆವು. ಅದರಲ್ಲಿ ಗ್ರೀನ್‌ಲೆಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುವುದು. ವಾಸ್ತವವಾಗಿ ಆಫ್ರಿಕ ಅದರ ಸುಮಾರು ಹದಿನಾಲ್ಕರಷ್ಟಿದೆ. ನನ್ನ ತಾಯಿಯವರ ಕೆನ್ನೆ ಹಾಳೆಯ ಮೇಲೆ ಹಿಗ್ಗಿದುದಕ್ಕೂ ಇದೇ ಕಾರಣ. ಹಿಗ್ಗು ಬೇಡವೆಂದರೆ ಹೆಚ್ಚು ಕಡೆ ಕತ್ತರಿಸಬೇಕು. ಕತ್ತರಿ ಬೇಡವೆಂದರೆ ಹಿಗ್ಗನ್ನು ಸಹಿಸಬೇಕು. ಕತ್ತರಿಸಿದ ಕಡೆಯಲ್ಲೆಲ್ಲ, ಮತ್ತೆ ಮೈಗೆ ಸುತ್ತಿದಾಗ, ಎರಡು ಅಂಚುಗಳು ಬಂದು ಕೂಡುವುವು. ಅದೇ ಹೊಲಿಗೆ.

ಈ ಮಾತನ್ನು ಕೇಳುತ್ತಿದ್ದಾಗ ನನಗೆ ಒಬ್ಬ ಎತ್ತಿನ ಗಾಡಿಯವನ ನೆನಪು ಬಂದಿತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಕಡೆಯ ಒಬ್ಬ ದೇಶೀಯ ವೈದ್ಯನು ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿದನು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್ ಪತ್ರಿಕೆಯಲ್ಲಿ 1794ರ ಅಕ್ಟೋಬರಿನಲ್ಲಿ ಅದರ ವಿವರ ಅಚ್ಚಾಯಿತು. ವೈದ್ಯನು ಮೊದಲು ತೆಳ್ಳನೆಯ ಮೇಣದ ಹಲ್ಲೆಯನ್ನು ಮುಖದ ಮೇಲಿಟ್ಟು ಒಪ್ಪವಾದ ಮೂಗಿನಂತೆ ತಿದ್ದಿದನು; ಅನಂತರ ಆ ಮೇಣವನ್ನು ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದನು; ಗೆರೆಯ ಗುಂಟ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟನ್ನು ಉಳಿಸಿಕೊಂಡು, ಮೂಗಿನ ಸ್ಥಾನಕ್ಕೆ ತಿರುಗಿಸಿದನು. ಸುಶ್ರುತಸಂಹಿತೆಯಲ್ಲಿ ಮೇಣದ ಬದಲು ಮರದ ಎಲೆಯಿಂದ ಮೂಗಿನ ಅಳತೆಯನ್ನು ತೆಗೆಯಲು ಹೇಳಿದೆ. ಅಲ್ಲಿ ಚರ್ಮ ಕೆನ್ನೆಯದು. ಉಬ್ಬಿದ ಆಕಾರವನ್ನು ಚಪ್ಪಟೆಮಾಡಿ, ಚಪ್ಪಟೆಯಾದ ಚರ್ಮವನ್ನು ಮತ್ತೆ ಉಬ್ಬಿಗೆ ತರುವ ಲೆಕ್ಕವು ಆ ಪರದೆಯ ಮೇಲಿನದೂ, ಇದೂ ಒಂದೇ. ಇದನ್ನು ನಾನು ಹೇಳಿದಾಗ ಮಗಳು ಮೊದಲ ಬಾರಿಗೆ ನನ್ನ ಕಡೆ ತಿರುಗಿ ಕುಳಿತಳು.

ಹೊಲಿಗೆಯನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಅವರಲ್ಲಿ ರೂಢಿ ಏರ್ಪಟ್ಟಿದೆ. ತಲೆಗೆ ಕೂದಲಿನ ಅಡಿಯಲ್ಲಿ, ಹಿಂದಲೆಯಲ್ಲಿ; ಕಿವಿಗೆ ಅದರ ಬೆನ್ನಿನಲ್ಲಿ; ಕಾಲಿಗೆ ಒಳಮಗ್ಗುಲಲ್ಲಿ; ಪಾದಕ್ಕೆ ಅಂಗಾಲಿನ ಅಂಚಿನಲ್ಲಿ; ತೋಳಿಗೆ ಕಂಕುಳಿಂದ ಮಣಿಕಟ್ಟಿನವರೆಗೆ ಒಳಭಾಗದಲ್ಲಿ. ದರ್ಜಿಯ ಬುದ್ಧಿಯೇ ಇದು. ಅಂಗಿಯ ತೋಳಿನ ಹೊಲಿಗೆಯನ್ನು ಯಾವ ದರ್ಜಿಯೂ ಹೊರಕ್ಕೆ ಇಡುವುದಿಲ್ಲ. ಉಗುರಿನ ಅಂಚು, ತುಟಿಯ ಅಂಚು ಮೊದಲಾದ ಕಡೆಗಳಲ್ಲಿ ಬಣ್ಣ ತಾನಾಗಿಯೇ ಬದಲಾಗುವುದರಿಂದ ಅಲ್ಲಿ ಬಿದ್ದ ಕತ್ತರಿಯನ್ನು ಕಣ್ಣು ಕ್ಷಮಿಸಿಬಿಡುವುದು.

ನನ್ನ ಮಗಳೂ ರೂಢಿಯಂತೆ ತೋಳಿನ ಒಳಭಾಗದಲ್ಲಿಯೇ ಕತ್ತರಿಸಿದ್ದಳು. ಅಲ್ಲಿಯೇ ತೊಡಕು. ನನ್ನ ತಾಯಿಯವರ ಬಲ ಮುಂದೋಳಿನ ಒಳಭಾಗದಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಹಸುರು ತಿರುಗಿದ ಹಚ್ಚೆಯೊಂದಿದೆ. ನಡುವೆ ತುಳಸಿಯ ಕಟ್ಟೆ, ಕೆಳಗೆ ರಂಗೋಲಿಯ ಚುಕ್ಕಿಗಳ ಮೂರು ಸಾಲು. ಅವರು ಒಂಬತ್ತು ವರ್ಷದವರಾಗಿದ್ದಾಗ ತವರಿನ ಪಡಸಾಲೆಯಲ್ಲಿ ಚುಚ್ಚಿಸಿಕೊಂಡುದು. ಕತ್ತರಿ ಸರಿಯಾಗಿ ಕಟ್ಟೆಯ ನಡುವೆ ಹಾದುಹೋಗಿದ್ದಿತು. ಹಾಳೆಯ ಈ ಕೊನೆಯಲ್ಲಿ ಅರ್ಧ ತುಳಸಿ, ಆ ಕೊನೆಯಲ್ಲಿ ಅರ್ಧ ತುಳಸಿ. ನಡುವಣ ಚುಕ್ಕಿಗಳೆಲ್ಲ ಇಬ್ಭಾಗ.

ಮೊದಲನೆಯ ಸಲ ಕಳಿಸಿದಾಗ ಎರಡು ಅರ್ಧಗಳು ಕೂದಲೆಳೆಯಷ್ಟು ಜಾರಿದ್ದುವಲ್ಲದೆ, ಆಕೃತಿಯನ್ನು ದೂರದಿಂದ ನೋಡಿದಾಗ ತೋಳಿನ ಉದ್ದಕ್ಕೂ ಮಾಸಲು ಗೆರೆಯೊಂದು ಕಂಡಿತು. ಹತ್ತಿರದಿಂದ ನೋಡಿದರೆ ಇಲ್ಲದ ಗೆರೆ ದೂರದಿಂದ ಕಾಣುವುದೇಕೆ? ನನಗೆ ಬಹಳ ರುಚಿಸಿದ ಭಾಗವಿದು. ಅವಳ ಹಾಳೆಯಲ್ಲಿ ಉದ್ದಕ್ಕೆ 4096, ಅಗಲಕ್ಕೆ 4096, ಒಟ್ಟು 1,67,77,216 ಬಣ್ಣದ ಕಣಗಳು. ಅವಕ್ಕೆ ಪಿಕ್ಸೆಲ್ ಎನ್ನುವರು. ಆಕೃತಿ ದೂರ ಸರಿದಂತೆಲ್ಲ ಕಂಪ್ಯೂಟರು ಹಾಳೆಯನ್ನು ಅರ್ಧಕ್ಕೆ ಅರ್ಧ ಕುಗ್ಗಿಸಿ, ಅಕ್ಕಪಕ್ಕದ ಕಣಗಳನ್ನು ಬೆರಸಿ ಒಂದು ಮಾಡುವುದು. ಆಗ ಅಂಚಿನಲ್ಲಿರುವ ಚರ್ಮದ ಕಣ, ಅಂಚಿನಾಚೆ ಹಾಳೆಯಲ್ಲಿ ಖಾಲಿಯಾಗಿ ಬಿದ್ದಿರುವ ಕಪ್ಪಿನೊಡನೆ ಬೆರೆತುಹೋಗುವುದು. ಇದನ್ನು ತಡೆಯಲು ಚರ್ಮದ ಬಣ್ಣವನ್ನು ಅಂಚಿನಾಚೆಗೂ ಒಂದಿಷ್ಟು ಹರಿಯಬಿಡಬೇಕು. ಹದಿನಾರು ಕಣಗಳಷ್ಟು ಹರಿಯಬಿಟ್ಟರೆ ನಾಲ್ಕು ಸಲ ಕುಗ್ಗುವವರೆಗೆ ಭಯವಿಲ್ಲ. ಹದಿನಾರು ಎಂಟಾಗಿ, ನಾಲ್ಕಾಗಿ, ಎರಡಾಗಿ, ಒಂದಾಗುವುದು. ದರ್ಜಿಯು ಒಳಗೆ ಬಿಡುವ ಹೆಚ್ಚಿನ ಬಟ್ಟೆಯಂತೆ.

ನಾನು ಅವಳಿಗೆ ವೇದಪಾಠದ ಕ್ರಮವನ್ನು ಹೇಳಿದೆನು. ಸಂಹಿತೆಯಲ್ಲಿ ಪದಗಳು ಸಂಧಿಯಿಂದ ಬೆಸೆದುಕೊಂಡಿರುವುವು. ಪದಪಾಠದಲ್ಲಿ ಅವನ್ನು ಬಿಡಿಸಿ ಒಂದೊಂದಾಗಿ ಹಾಸುವರು. ಋಗ್ವೇದಕ್ಕೆ ಹಾಗೆ ಬಿಡಿಸಿದವನು ಶಾಕಲ್ಯನೆಂದು ಪ್ರಸಿದ್ಧಿ. ಬಿಡಿಸಿದ್ದು ಕೂಡುವಾಗ ತಪ್ಪಬಾರದೆಂದು ಕ್ರಮಪಾಠವನ್ನು ಏರ್ಪಡಿಸಿದರು. ಒಂದು ಎರಡು, ಎರಡು ಮೂರು, ಮೂರು ನಾಲ್ಕು ಎಂಬಂತೆ, ಪ್ರತಿಪದವನ್ನೂ ಒಮ್ಮೆ ಹಿಂದಿನದರೊಡನೆ, ಒಮ್ಮೆ ಮುಂದಿನದರೊಡನೆ ಹೇಳುವರು. ಅಂಚು ಅಂಚಿನ ಮೇಲೆ ಹತ್ತಿಕೊಂಡಿರುವುದು. “ನಿಮ್ಮಲ್ಲೂ ಪ್ಯಾಡಿಂಗ್ ಇದೆಯೆನ್ನಿ!” ಎಂದಳು. ಇದೆಯೆಂದು ಒಪ್ಪಿಕೊಂಡೆನು.

ಎರಡನೆಯ ಸಲ ಅವಳು ಅಂಚನ್ನು ಹಿಗ್ಗಿಸಿ, ಹಾಳೆಯನ್ನು ಬಿಟ್ಟು ನೇರವಾಗಿ ತೋಳಿನ ಆಕೃತಿಯ ಮೇಲೆಯೇ ಕುಂಚವಾಡಿಸಿ, ಹೊಲಿಗೆಯ ಎರಡು ಮಗ್ಗುಲುಗಳ ಬಣ್ಣವನ್ನೂ ಒಂದುಮಾಡಿದ್ದಳು. ಕಟ್ಟೆಯ ಬಲಭಾಗ ಮಸುಕಾಗಿದ್ದುದರಿಂದ ಎಡಭಾಗವನ್ನೇ ಕನ್ನಡಿಯಲ್ಲಿಟ್ಟಂತೆ ತಿರುಗಿಸಿ ಅತ್ತ ಕೂಡಿಸಿದ್ದಳು. ಬಣ್ಣ ನಿರ್ದುಷ್ಟವಾಯಿತು. ಆದರೆ ಆಕೃತಿಯ ಪಕ್ಕದಲ್ಲಿ ದೀಪವನ್ನಿಟ್ಟೊಡನೆ ಗೆರೆ ಮತ್ತೆ ಎದ್ದಿತು. ಬಣ್ಣದ ಹಾಳೆಯಲ್ಲದೆ, ಚರ್ಮದ ಉಬ್ಬುತಗ್ಗುಗಳನ್ನು ಹೇಳುವ ಹಾಳೆ ಬೇರೊಂದಿರುವುದು. ಈ ಕಣದ ಮೇಲೆ ಬಿದ್ದ ಬೆಳಕು ಎತ್ತ ತಿರುಗಬೇಕೆಂಬುದನ್ನು ಅದು ಹಾಳೆಯ ದಿಕ್ಕಿಗೆ ಅನುಸಾರವಾಗಿ ಹೇಳುವುದು. ಹೊಲಿಗೆಯ ಈ ಕಡೆ ಹಾಳೆಗೆ ಒಂದು ದಿಕ್ಕು, ಆ ಕಡೆ ಇನ್ನೊಂದು. ಹಾಳೆಯನ್ನು ಸಿದ್ಧಪಡಿಸಿದ ತಂತ್ರಾಂಶವೂ ಅದನ್ನು ತೋರಿಸುವ ತಂತ್ರಾಂಶವೂ ಒಂದೇ ಲೆಕ್ಕವನ್ನು ಅನುಸರಿಸದಿದ್ದರೆ, ಬಣ್ಣ ಕೂಡಿದರೂ ಬೆಳಕು ಕೂಡುವುದಿಲ್ಲ. ಜೊತೆಗೆ ಒಂದು ಮಗ್ಗುಲಿನ ಚರ್ಮ ಹಾಳೆಯ ಮೇಲೆ ಹೆಚ್ಚು ಹಿಗ್ಗಿದ್ದುದರಿಂದ, ರೋಮಕೂಪಗಳು ಒಂದು ಕಡೆ ಸಾಸಿವೆಯಂತೆಯೂ ಇನ್ನೊಂದು ಕಡೆ ಗಸಗಸೆಯಂತೆಯೂ ಕಂಡುವು. ಕೆಲಸವನ್ನು ಹಿಂತಿರುಗಿಸಿದ ಅಧಿಕಾರಿ ಬರೆದದ್ದು ಒಂದೇ ಸಾಲು: ಹೊಲಿಗೆ ಕಾಣುತ್ತಿದೆ. ಸಾಲು ಸರಿಯಾಗಿಯೇ ಇತ್ತು; ಅದನ್ನು ಓದಿದವಳು ಎಷ್ಟು ರಾತ್ರಿ ಎದ್ದಿದ್ದಳೆಂಬುದು ಅವರಿಗೆ ತಿಳಿಯಬೇಕಾದ ವಿಷಯವೂ ಅಲ್ಲ. ಆದರೂ ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಿಂದ ಅಂಥ ಒಂದೊಂದು ಸಾಲು ಬರೆದ ಕೈ ನನ್ನದು, ಸ್ವಲ್ಪ ನಾಚಿಕೆಯಾಯಿತು.

ಹೊಲಿಗೆಯೇ ಬೇಡವೆನ್ನುವ ಮಾರ್ಗವೂ ಇದೆ. ಡಿಸ್ನಿ ಸಂಸ್ಥೆಯ ಬ್ರೆಂಟ್ ಬರ್ಲಿ, ಡಿಲನ್ ಲೇಸ್‌ವೆಲ್ ಎಂಬವರು 2008ರಲ್ಲಿ ಪಿಟೆಕ್ಸ್ ಎಂಬ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಮೈಯ ಒಂದೊಂದು ಸಣ್ಣ ತುಂಡಿಗೂ ಪ್ರತ್ಯೇಕವಾದ ಸಣ್ಣ ಚಿತ್ರ. ಪ್ರತಿತುಂಡಿಗೂ ತನ್ನ ನೆರೆಯವರು ಯಾರೆಂಬುದು ಗೊತ್ತಿರುವುದು. ಆದರೆ ಇವಳ ಸಂಸ್ಥೆಯಲ್ಲಿ ಹಾಳೆಯ ಕ್ರಮವೇ ವಿಧಿ. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರನ್ನು ನೋಡಿ: ಗೊಂಬೆಯ ಮರದ ತುಂಡುಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಗೋಣಿಯ ನಾರಿನ ಪುಡಿಯನ್ನೂ ಮರದ ಹೊಟ್ಟನ್ನೂ ಅದೇ ಅಂಟಿನಲ್ಲಿ ಕಲಸಿ ಕಿಟ್ಟ ಮಾಡಿ ಮೇಲೆ ಮೆತ್ತುವರು. ಬಣ್ಣ ಬೀಳುವ ಮೊದಲೇ ಸಂದು ಹೂತುಹೋಗಿರುವುದು. ಕಂಪ್ಯೂಟರಿನಲ್ಲಿ ಮೆತ್ತುವುದಕ್ಕೆ ಕಿಟ್ಟವಿಲ್ಲ.

ಮೂರನೆಯ ದಿನ ಸಂಜೆ ತಾಯಿಯವರು ಜಗಲಿಯಲ್ಲಿ ಕುಳಿತು ಜಪಮಾಡುತ್ತಿದ್ದರು. ನಾನು ಅರುವತ್ತು ವರ್ಷಗಳಿಂದ ನೋಡುತ್ತಿರುವ ದೃಶ್ಯ. ಬಲಗೈ ತೊಡೆಯ ಮೇಲೆ; ಅಂಗೈ ಮೇಲಕ್ಕೆ; ಹಚ್ಚೆ ಆಕಾಶವನ್ನು ನೋಡುತ್ತಿರುವುದು. ನೋಡುತ್ತ ನೋಡುತ್ತ ಹೊಳೆಯಿತು: ತೋಳಿನ ಒಳಭಾಗ ಯಾರಿಗೂ ಕಾಣುವುದಿಲ್ಲವೆಂಬ ರೂಢಿ ಯಾರೋ ನಿಂತಿರುವ ತರುಣನ ತೋಳನ್ನು ನೋಡಿ ಮಾಡಿದ್ದು. ಕೈ ಚಾಚಿ ಪ್ರಸಾದ ಕೊಡುವ, ಅಕ್ಕಿ ಆರಿಸುವ, ಮಣಿ ಎಣಿಸುವ ಮುದುಕಿಯ ತೋಳಿನಲ್ಲಿ ಮೊದಲು ಕಾಣುವುದೇ ಒಳಭಾಗ. ಕಾಣದಿರುವುದು ಕಿರುಬೆರಳಿನ ಮಗ್ಗುಲು. ಅದು ಸದಾ ತೊಡೆಗೋ ನೆಲಕ್ಕೋ ತಾಗಿರುವುದು. ಮಗಳನ್ನು ಕರೆದು ತೋರಿಸಿದೆನು. ಅವಳು ಮಾತಾಡದೆ ಸ್ವಲ್ಪ ಹೊತ್ತು ನಿಂತು ನೋಡಿ, ಒಳಕ್ಕೆ ಓಡಿದಳು.

ಹೊಲಿಗೆಯನ್ನು ಮೊಣಕೈಯ ಮೂಳೆಯಿಂದ ಕಿರುಬೆರಳಿನ ಬುಡದವರೆಗೆ ಸರಿಸಿದ್ದಾಯಿತು. ತುಳಸಿಯ ಕಟ್ಟೆ ಹಾಳೆಯ ನಟ್ಟನಡುವೆ ಇಡಿಯಾಗಿ ಬಂದು ಕುಳಿತಿತು. ಹಳೆಯ ಹಾಳೆಯಲ್ಲಿ ಬರೆದುದನ್ನೆಲ್ಲ ಹೊಸ ಹಾಳೆಗೆ ಕಂಪ್ಯೂಟರೇ ಇಳಿಸಿಕೊಡುವುದು. ಇದಕ್ಕೆ ಅವರು ‘ಬೇಕ್’ ಮಾಡುವುದು, ಎಂದರೆ ಬೇಯಿಸುವುದು, ಎನ್ನುವರು. “ರಾತ್ರಿಯೆಲ್ಲ ಬೇಯಿಸುತ್ತಾಳಂತೆ, ಬೆಳಿಗ್ಗೆ ನೋಡಿದರೆ ಒಂದು ಪಾತ್ರೆಯೂ ಮುಸುರೆಯಾಗಿಲ್ಲ,” ಎಂದು ತಾಯಿಯವರು ಸೊಸೆಯೊಡನೆ ಹೇಳಿದರು. ಹೊಸ ಅಂಚಿನಲ್ಲಿ ರೋಮಕೂಪಗಳ ಅಳತೆಯನ್ನು ಸಮಮಾಡುವುದಕ್ಕೂ, ಎರಡು ತಂತ್ರಾಂಶಗಳ ಬೆಳಕಿನ ಲೆಕ್ಕವನ್ನು ಒಂದುಮಾಡುವುದಕ್ಕೂ ಮತ್ತೆ ಮೂರು ದಿನ ಹಿಡಿಯಿತು. ಅವಳು ದೀಪವನ್ನು ಆಕೃತಿಯ ಸುತ್ತ ತಿರುಗಿಸುವಳು. ನಾನು ಕನ್ನಡಕವನ್ನು ಒರಸಿಕೊಂಡು ಗೆರೆ ಹುಡುಕುವೆನು. ಕೊನೆಯ ರಾತ್ರಿ ನನಗೆ ಸಿಕ್ಕಲಿಲ್ಲ.

ಮಾರನೆಯ ಬೆಳಿಗ್ಗೆ ಕಳಿಸಬೇಕು. ಕಳಿಸುವ ಮುಂಚೆ ಅಜ್ಜಿಗೆ ತೋರಿಸೋಣವೆಂದು ಯಂತ್ರವನ್ನು ಜಗಲಿಗೆ ತಂದೆವು. ತಾಯಿಯವರು ಮುಖವನ್ನು ನೋಡಿ, “ನಮ್ಮ ಅತ್ತೆಯವರ ಹಾಗಿದ್ದಾಳೆ,” ಎಂದರು. ತಮ್ಮ ಮುಖವನ್ನು ಗುರುತಿಸಲಿಲ್ಲ. ತೋಳನ್ನು ಹತ್ತಿರ ತಂದಾಗ ಪರದೆಯ ಮೇಲೆ ಬೆರಳಿಟ್ಟು ಚುಕ್ಕಿಗಳನ್ನು ಮೇಲಿನಿಂದ ಎಣಿಸತೊಡಗಿದರು. ಏಳು. ಐದು. ಮೂರು. ಅಲ್ಲಿ ನಿಂತುಬಿಟ್ಟರು.

“ಇದು ನನ್ನದಲ್ಲ ಕಣೆ,” ಎಂದರು. “ನನಗೆ ಕೊನೆಯ ಸಾಲಿನಲ್ಲಿ ಎರಡೇ. ಮೂರನೆಯದು ಚುಚ್ಚುವುದಕ್ಕೆ ಮುಂಚೆ ಕೈ ಕಿತ್ತುಕೊಂಡು ಹಿತ್ತಿಲಿಗೆ ಓಡಿಹೋದೆ. ನಮ್ಮಮ್ಮ ಕೊಟ್ಟ ಹೊಡೆತ ಇನ್ನೂ ನೆನಪಿದೆ. ಹಚ್ಚೆಯವಳು ಆ ಹೊತ್ತಿಗೆ ಅಕ್ಕಿ ಇಸಕೊಂಡು ಹೊರಟುಹೋಗಿದ್ದಳು.” ಹೀಗೆಂದು ತಮ್ಮ ತೋಳನ್ನು ಪರದೆಯ ಪಕ್ಕಕ್ಕೆ ಚಾಚಿದರು. ನಡುವೆ ಒಂದು ಚುಕ್ಕಿ, ಎಡಕ್ಕೆ ಒಂದು, ಬಲಕ್ಕೆ ಬರಿಯ ಚರ್ಮ.

ಎಡಭಾಗವನ್ನು ಕನ್ನಡಿಯಂತೆ ತಿರುಗಿಸಿ ಬಲಕ್ಕೆ ಕೂಡಿಸಿದಾಗ ಆ ಚುಕ್ಕಿ ಸೇರಿಕೊಂಡಿತ್ತು. ಅದನ್ನು ಮಗಳು ಗಮನಿಸಿರಲಿಲ್ಲ. ಆ ಕೈಯಿಂದ ಉಂಡು ಬೆಳೆದ ನಾನೂ ಅರುವತ್ತು ವರ್ಷಗಳಲ್ಲಿ ಒಮ್ಮೆಯೂ ಎಣಿಸಿರಲಿಲ್ಲ.

“ಇರಲಿ ಬಿಡು ಅಜ್ಜಿ, ಮೂರಿದ್ದರೆ ಚೆನ್ನಾಗಿ ಕಾಣುತ್ತೆ,” ಎಂದು ಮಗಳು ಹೇಳುವಳೆಂದು ನಿರೀಕ್ಷಿಸಿದ್ದೆನು. ಅವಳು ಹಾಗೆನ್ನಲಿಲ್ಲ. ಅಲ್ಲಿಯೇ ಕೆಳಗೆ ಕುಳಿತು, ಅಜ್ಜಿಯ ತೋಳನ್ನು ತನ್ನ ಮಡಿಲಿಗೆಳೆದುಕೊಂಡು, ನೋಡಿ ನೋಡಿ ಚುಕ್ಕಿಯನ್ನು ಅಳಿಸಿದಳು. ಅಳಿಸಿದ ಕಡೆ ಚರ್ಮ ಸಹಜವಾಗುವುದಕ್ಕೆ ಒಂದು ಗಂಟೆ ಹಿಡಿಯಿತು. ಹನ್ನೊಂದು ಗಂಟೆಗೆ ಕಳಿಸಿದಳು.

ಎರಡು ದಿನಗಳ ಮೇಲೆ ಉತ್ತರ ಬಂದಿತು. ಹೊಲಿಗೆ ಎಲ್ಲಿಯೂ ಕಾಣಲಿಲ್ಲವೆಂದೂ, ಆದರೆ ಹಚ್ಚೆಯ ಕೊನೆಯ ಸಾಲಿನಲ್ಲಿ ಬಲಗಡೆಯ ಒಂದು ಚುಕ್ಕಿ ಬಿಟ್ಟುಹೋಗಿರುವಂತೆ ತೋರುವುದರಿಂದ ಅದನ್ನು ತುಂಬಿ ಕಳಿಸಬೇಕೆಂದೂ ಅಧಿಕಾರಿ ಬರೆದಿದ್ದರು. ಮಗಳು ಅದನ್ನು ನನಗೆ ಓದಿ ಹೇಳಿ, ಆಷಾಢದಲ್ಲಿ ತೆಗೆದಿದ್ದ ತೋಳಿನ ಛಾಯಾಚಿತ್ರವೊಂದನ್ನು ಹುಡುಕಿ ತೆಗೆದು, ಬೇರೆ ಮಾತೇನನ್ನೂ ಬರೆಯದೆ ಅದನ್ನೇ ಉತ್ತರವಾಗಿ ಕಳಿಸಿದಳು. ಕೆಲಸ ಖಾಯಂ ಆದ ಪತ್ರ ಬಂದುದು ಅದರ ಮುಂದಿನ ಸೋಮವಾರ.